ಬಲಕ್ಕೆ ಹೂ ಬಿದ್ದರೆ ವಿಮಾನ, ಎಡಕ್ಕೆ ಬಿದ್ದರೆ ರೈಲು

ಪ್ರಪಂಚದ ಯಾವ ಮೂಲೆಯಲ್ಲಿ ವಿಮಾನಕ್ಕೆ ಏನೇ ಆದರೂ, ಮೊದಲು ಬೈಸಿಕೊಳ್ಳುವವನು ಕನಕಪುರ ಬಸ್‌ಸ್ಟ್ಯಾಂಡ್ ಎದುರು ಅಂಗಡಿ ಇಟ್ಟುಕೊಂಡಿರುವ ನಾನು. ಕಾಶಿ, ಶಿರಡಿ, ದೆಹಲಿ ಅಂತ ಜನಕ್ಕೆ ಟಿಕೆಟ್ ಮಾಡಿಕೊಡುವುದು ನನ್ನ ಕಸುಬು. ಎಲ್ಲೋ ವಿಮಾನ ಬಿತ್ತು ಅಂದರೆ ಸಾಕು, ಟಿವಿಯಲ್ಲಿ ಬೆಳಗಿನಿಂದ ಸಂಜೆ ತನಕ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಸತ್ತವರ ಮನೆಯವರ ಗೋಳು ನೋಡಿದರೆ ಯಾರಿಗಾದರೂ ಹೊಟ್ಟೆ ಕಿವುಚುತ್ತೆ. ಆಮೇಲೆ ಆ ಹೊಟ್ಟೆ ಹಿಡಿದುಕೊಂಡೇ ಎಲ್ಲರೂ ನನ್ನ ಅಂಗಡಿಗೆ ಬರುತ್ತಾರೆ.

ಏನೂ ಆಗಲ್ಲ, ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತೆ ಅಂತ ನಾನು ಧೈರ್ಯ ಹೇಳುತ್ತೇನೆ. ಹೇಳುವುದಷ್ಟೇ. ಸ್ಟೂಲ್ ಹತ್ತಿ ಬಲ್ಬು ಹಾಕಿದರೂ ಕಾಲು ನಡುಗುವ ಪ್ರಾಣಿ ನಾನು. ಎಷ್ಟು ಜನರನ್ನು ಹತ್ತಿಸಿದರೂ ನಾನು ಮಾತ್ರ ವಿಮಾನ ಹತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಿಷಯ ಗೊತ್ತಿದ್ದವಳು ಒಬ್ಬಳೇ, ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನ್ನ ಹೆಂಡತಿ. ಮದುವೆಯಾದ ಹೊಸದರಿಂದ ಅವಳದು ಒಂದೇ ರಾಗ: "ಊರವರನ್ನೆಲ್ಲ ಮೇಲಕ್ಕೆ ಕಳಿಸ್ತೀರಿ, ನನ್ನನ್ನ ಯಾವತ್ತು ಕರ್ಕೊಂಡು ಹೋಗ್ತೀರಿ?" ನಾನು ಏನಾದರೊಂದು ನೆಪ ಹೇಳುವುದು, ಅವಳು ಮುಖ ಊದಿಸುವುದು. ಚಿನ್ನ ಬೇಡ, ಸೀರೆ ಬೇಡ, ಒಂದು ಸಲ ಮೋಡ ನೋಡಬೇಕು ಅಂತ ಕೇಳುವ ಹೆಂಡತಿಗೆ ಅದನ್ನೂ ಮಾಡಲಾಗದ ಗಂಡ ಅಂತ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಮುಂದೆ ಹೇಳುವುದೆಲ್ಲ ಆ ಚುಚ್ಚುವಿಕೆಯ ಮಧ್ಯೆಯೇ ನಡೆದದ್ದು.

ಪೈಲಟ್ಟಿನ ಕುಲಗೋತ್ರ

ರಾಮನಗರದಲ್ಲಿ ಒಬ್ಬ ಹಿರಿಯ ಹೆಂಗಸು. ಗಂಡು ಹೆಣ್ಣು ಹುಡುಕಿ ಮದುವೆ ಕುದುರಿಸುವುದರಲ್ಲಿ ಎತ್ತಿದ ಕೈ. ಮಗಳ ಬಾಣಂತನಕ್ಕೆ ಪುಣೆಗೆ ಹೋಗಬೇಕಿತ್ತು. ಟಿಕೆಟ್ ಮಾಡಿಸಿದ ದಿನದಿಂದ ದಿನಾ ಫೋನು. ಓಡಿಸುವವನ ವಯಸ್ಸೆಷ್ಟು, ಮದುವೆ ಆಗಿದೆಯಾ, ಮಕ್ಕಳೆಷ್ಟು, ಕುಡಿಯುವ ಚಾಳಿ ಏನಾದರೂ ಉಂಟಾ. ಅದೆಲ್ಲ ನಮಗೆ ಹೇಳಲ್ಲ ಕಣಮ್ಮ ಅಂದರೆ ಆಕೆ ಒಪ್ಪುವವರಲ್ಲ. ಹೆಂಡತಿ ಮಕ್ಕಳು ಇರುವವನಾದರೆ ಮೈಮೇಲೆ ಜ್ಞಾನ ಇಟ್ಟುಕೊಂಡು ಓಡಿಸುತ್ತಾನೆ, ಒಂಟಿಗನಿಗೆ ಏನು ಬಂದರೇನು ಅಂತ ಆಕೆಯ ವಾದ.

ನಾನೂ ಸಾಕಾಗಿ ಒಂದು ದಿನ ಹೇಳಿಬಿಟ್ಟೆ. ಮದುವೆಯಾಗಿದೆ, ಎರಡು ಮಕ್ಕಳು, ಒಳ್ಳೆ ಮನೆತನ, ಕಾಫಿಯನ್ನೂ ಮುಟ್ಟಲ್ಲ ಅಂದೆ. ಆಕೆ ಸಮಾಧಾನದಿಂದ ಹೊರಟರು.

ಪುಣೆಯಲ್ಲಿ ಇಳಿದ ತಕ್ಷಣ ಫೋನ್ ಬಂತು. ಓಡಿಸಿದ್ದು ಒಬ್ಬ ಹುಡುಗಿಯಂತೆ, ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೈ ಮುಗಿದಳಂತೆ. ಸಿಕ್ಕಿಬಿದ್ದೆ ಅಂದುಕೊಂಡು ತಪ್ಪಾಯ್ತಮ್ಮ ಅಂತ ಶುರು ಮಾಡಿದೆ. ಆಕೆ ಬಿಡಲಿಲ್ಲ.

"ತಪ್ಪು ಗಿಪ್ಪು ಇರ್ಲಿ ಕಣಪ್ಪ. ಎಷ್ಟು ನಯವಾಗಿ ಇಳಿಸಿದ್ಳು ಗೊತ್ತಾ, ಲೋಟ ಕೆಳಗಿಟ್ಟಂಗೆ. ಆ ಮಗೀಗೆ ಮದ್ವೆ ಆಗೈತಾ ಒಸಿ ಇಚಾರ್ಸು, ನನ್ ತಾವ ಒಂದು ಒಳ್ಳೆ ಗಂಡೈತೆ."

ಬಾಗಿಲ ಪಕ್ಕದ ಸೀಟು

ಒಂದು ಸಲ ಯಾವುದೋ ಚಾನೆಲ್ಲಿನಲ್ಲಿ ಯಾರೋ ಪುಣ್ಯಾತ್ಮ ತುರ್ತು ಬಾಗಿಲ ಪಕ್ಕದ ಸೀಟೇ ಸೇಫು ಅಂದುಬಿಟ್ಟ. ಮಾರನೆಯ ದಿನದಿಂದ ಇಡೀ ಜಿಲ್ಲೆಗೆ ಅದೇ ಸೀಟು ಬೇಕು. ಮಾಗಡಿಯ ಒಬ್ಬ ಜೆಸಿಬಿ ಮಾಲೀಕರು ಭಾಮೈದನ ಜೊತೆ ದೆಹಲಿಗೆ ಹೊರಟಿದ್ದರು. ಹೆಚ್ಚಿಗೆ ಕೊಟ್ಟಾದರೂ ಸರಿ, ಆ ಸೀಟೇ ಹಾಕು ಅಂದರು. ಹಾಕಿಕೊಟ್ಟೆ. ಭಾಮೈದನಿಗೆ ಎಲ್ಲಾದರೂ ಹಾಕು ಅಂದರು.

ಮುಂದಿನದನ್ನು ಆ ಭಾಮೈದನೇ ಬಂದು ಹೇಳಿದ. ಇವರು ರಾಜನ ಹಾಗೆ ಕಾಲು ಚಾಚಿ ಕೂತಿದ್ದಾರೆ. ಏರ್‌ಹೋಸ್ಟೆಸ್ ಹುಡುಗಿ ಬಂದು, ಸಾರ್, ಅಪಾಯ ಆದರೆ ಈ ಬಾಗಿಲು ನೀವೇ ತೆಗೀಬೇಕು, ಉಳಿದವರನ್ನು ಇಳಿಸೋಕೆ ನಮಗೆ ಸಹಾಯ ಮಾಡಬೇಕು, ಒಪ್ಪಿಗೇನಾ ಅಂತ ಕೇಳಿದ್ದಾಳೆ. ಇವರ ಮುಖ ಬಿಳಿಚಿಕೊಂಡಿತಂತೆ. ತೆಗೆದ ಮೇಲೆ ನಾನು ಮೊದಲು ಇಳೀಬಹುದು ತಾನೇ ಅಂತ ಕೇಳಿದ್ದಾರೆ. ಸಹಾಯ ಮಾಡಿ ಆಮೇಲೆ ಸಾರ್ ಅಂದಿದ್ದಾಳೆ ಅವಳು.

ಆ ಮನುಷ್ಯ ಬೆಲ್ಟು ಬಿಚ್ಚಿ ಎದ್ದೇಬಿಟ್ಟರಂತೆ. "ತಾಯಿ, ನಾನು ಮೊದ್ಲು ಇಳ್ಕೊಳ್ಳೋಕೆ ಕಾಸು ಕೊಟ್ಟಿರೋದು, ಕಂಡಕ್ಟರ್ ಕೆಲ್ಸ ಮಾಡೋಕಲ್ಲ. ಅಗೋ, ಹಿಂದಿನ ಸಾಲಲ್ಲಿ ನನ್ ಭಾಮೈದ ಅವ್ನೆ, ಬಲೇ ಉಪಕಾರಿ. ಅವನನ್ನ ಕೂರ್ಸು."

ನಾನು ನಗುತ್ತಿದ್ದರೆ ಪಕ್ಕದ ಮೇಜಿನಿಂದ ನನ್ನವಳು, ನಮಗೂ ಆ ಸೀಟೇ ಇರಲಿ, ಬಾಗಿಲು ನಾನೇ ತೆಗೀತೀನಿ ಅಂದಳು. ನನ್ನ ನಗು ಅಲ್ಲಿಗೇ ನಿಂತಿತು.

ಅಣ್ಣ ತಮ್ಮ

ಚನ್ನಪಟ್ಟಣ ಕಡೆಯ ಅಣ್ಣತಮ್ಮ ಇಬ್ಬರು. ಬದುವಿನ ಮೇಲಿನ ಮಾವಿನ ಮರಗಳಿಗಾಗಿ ವರ್ಷಗಟ್ಟಲೆಯಿಂದ ಕೋರ್ಟಿನಲ್ಲಿದ್ದರು. ಮಾತಿಲ್ಲ ಕತೆಯಿಲ್ಲ. ತಂಗಿಯ ಮಗಳ ಮದುವೆ ದೆಹಲಿಯಲ್ಲಿ ಗೊತ್ತಾಯಿತು. ಸೋದರಮಾವಂದಿರು ಇಬ್ಬರೂ ಇರಲೇಬೇಕು ಅಂತ ತಂಗಿ ಹಟ ಹಿಡಿದಳು.

ಮೊದಲು ತಮ್ಮ ಬಂದು, ಅವನು ಹೋಗೋ ವಿಮಾನ ನನಗೆ ಬೇಡ, ಬೇರೆ ಹಾಕಿ ಅಂದ. ಹಾಕಿದೆ. ಮಾರನೇ ದಿನ ಅಣ್ಣ ಬಂದ. ತಮ್ಮನನ್ನು ನನ್ನ ವಿಮಾನಕ್ಕೇ ಹಾಕು, ಅದೂ ಪಕ್ಕದ ಸೀಟಿಗೆ ಅಂದ. ಪರವಾಗಿಲ್ಲ, ರಕ್ತಸಂಬಂಧ ಎಲ್ಲಿ ಹೋಗುತ್ತೆ ಅಂತ ನನ್ನ ಕಣ್ಣು ಒದ್ದೆಯಾಯಿತು. ಅಣ್ಣ ಗದರಿದ.

"ಅದೇನ್ ಅಳ್ತಿಯೋ. ನನ್ ವಿಮಾನ ಬಿದ್ದು ಅವನೊಬ್ಬ ಉಳ್ಕಂಡ್ರೆ ಕೇಸು ಅವನ ಕಡೆ ಆಯ್ತದೆ. ಬಿದ್ರೆ ಇಬ್ರೂ ಬೀಳಾನ."

ಈ ಮಾತು ಕೇಳಿ ತಮ್ಮನಿಗೂ ಅದೇ ನ್ಯಾಯ ಅನ್ನಿಸಿತಂತೆ. ಇಬ್ಬರೂ ನೆಂಟರ ಜೊತೆ ಒಂದೇ ವ್ಯಾನಿನಲ್ಲಿ ಹೊರಟರು; ಮುಂದಿನದು ಆ ನೆಂಟರ ಬಾಯಿಂದ ಕೇಳಿದ್ದು. ದಾರಿಯಲ್ಲಿ ಕೆಂಗಲ್ಲಿನಲ್ಲಿ ಇಳಿದು ಆಂಜನೇಯನಿಗೆ ಬೇರೆ ಬೇರೆ ಕಾಯಿ ಒಡೆಸಿದರು. ಮೇಲೆ ಹೋದ ಮೇಲೆ ವಿಮಾನ ಹಳ್ಳ ಬಿದ್ದ ರಸ್ತೆಯ ಎತ್ತಿನಗಾಡಿಯ ಹಾಗೆ ಎತ್ತಿ ಹಾಕತೊಡಗಿತು. ಅಣ್ಣ ತಮ್ಮನ ಕೈ ಹಿಡಿದುಕೊಂಡ. ಮರ ಎಲ್ಲ ನೀನೇ ಇಟ್ಕೋ ಕಣ್ಲಾ ಅಂದ. ತಮ್ಮ ಅತ್ತುಬಿಟ್ಟ. ಬ್ಯಾಡ ಕಣಣ್ಣ, ಅಪ್ಪ ನೆಟ್ಟದ್ದು, ನೀನೇ ಇಟ್ಕೋ ಅಂದ. ಹಿಂದಿನ ಸೀಟಿನ ನೆಂಟರೆಲ್ಲ ಕಣ್ಣು ಒರೆಸಿಕೊಂಡರು.

ವಿಮಾನ ಕ್ಷೇಮವಾಗಿ ಇಳಿಯಿತು. ಲಗೇಜಿಗೆ ಕಾಯುವಾಗ ತಮ್ಮ ಮೆಲ್ಲಗೆ, ಅಣ್ಣ, ಹಂಗಾರೆ ಕೇಸು ವಾಪಸ್ ತಗೊಳ್ಳಾನ ಅಂದ. ಅಣ್ಣ ಬ್ಯಾಗು ಹೆಗಲಿಗೆ ಹಾಕಿಕೊಂಡ.

"ಅದು ಮ್ಯಾಗಡೆ ಆಡಿದ್ ಮಾತು ಕಣ್ಲಾ, ನೆಲದ್ ಮ್ಯಾಲೆ ನಡೆಯಾಕಿಲ್ಲ."

ಅಮ್ಮನ ಅಪ್ಪಣೆ

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಊರಮ್ಮನ ಗುಡಿಯಲ್ಲಿ ಹೂ ಕೇಳುವುದು ವಾಡಿಕೆ. ಮನಸ್ಸಿನಲ್ಲಿ ಕೇಳಿಕೊಂಡು ಕೈ ಮುಗಿದು ನಿಲ್ಲಬೇಕು. ಅಮ್ಮನ ಬಲಗಡೆಯಿಂದ ಹೂ ಜಾರಿದರೆ ಹೋಗು, ಎಡಗಡೆಯಿಂದ ಜಾರಿದರೆ ಬೇಡ.

ಉಯ್ಯಂಬಳ್ಳಿ ಕಡೆಯ ಒಬ್ಬ ಯಜಮಾನ, ಕುರಿ ಸಾಕಿಕೊಂಡಿರುವವನು, ಹೆಂಡತಿಯ ಜೊತೆ ಕಾಶಿಗೆ ಹೋಗಬೇಕು ಅಂತ ಬಂದ. ಹೋಗುವುದಕ್ಕೆ ವಿಮಾನ, ಬರುವುದಕ್ಕೆ ರೈಲು ಅಂದ. ಯಾಕಪ್ಪಾ ಅಂದರೆ, ಹೋಗುವುದಕ್ಕೆ ಅಮ್ಮ ಬಲಕ್ಕೆ ಕೊಟ್ಟಳಂತೆ, ಬರುವುದಕ್ಕೆ ಎಡಕ್ಕೆ. ಬರುವಾಗ ಎರಡು ದಿನ ರೈಲಿನಲ್ಲಿ ಸೊಂಟ ಬಿದ್ದುಹೋಗುತ್ತೆ, ಇನ್ನೊಂದು ಸಲ ಕೇಳಿ ನೋಡು ಅಂತ ಬಾಯಿ ನೋಯುವಷ್ಟು ಹೇಳಿದೆ. ಅಮ್ಮನ ಹತ್ತಿರ ಚೌಕಾಸಿ ಮಾಡೋಕಾಗುತ್ತಾ ಅಂತ ನನ್ನನ್ನೇ ಬೈದ.

ಗಂಗೆಯ ಕ್ಯಾನು ಹೊತ್ತುಕೊಂಡು, ರೈಲಿನಲ್ಲಿ ಕುಲುಕಿ ಕುಲುಕಿ ಗಂಡ ಹೆಂಡತಿ ಬಂದಿಳಿದರು. ತೀರ್ಥ ಕೊಡಲು ಅಂಗಡಿಗೆ ಬಂದಾಗ ನಾನು ಬಿಡಲಿಲ್ಲ. ನೀನು ಬೇಡ ಅಂದೆಯಲ್ಲ, ಆ ವಿಮಾನ ಹೂವಿನ ಹಾಗೆ ಬಂದು ಇಳಿಯಿತು ಕಣಯ್ಯ ಅಂದೆ.

ಅವನು ತೀರ್ಥದ ಸೀಸೆ ಮೇಜಿನ ಮೇಲಿಟ್ಟು ನನ್ನನ್ನು ಕನಿಕರದಿಂದ ನೋಡಿದ. "ಇಳೀದೆ ಇನ್ನೇನಣ್ಣ, ನಾವು ಅದ್ರಲ್ಲಿ ಇರ್ನಿಲ್ವಲ್ಲ."

ಕೊನೆಗೆ ನಾವು

ಈಚೆಗೆ ಒಂದು ಕಾಶಿ ಗುಂಪು ಹೊರಟಿತ್ತು. ಎಲ್ಲ ಕನಕಪುರದ ಸುತ್ತಮುತ್ತಲವರು. ಅಷ್ಟರಲ್ಲಿ ಟಿವಿಯಲ್ಲಿ ಮತ್ತೆಂಥದೋ ಸುದ್ದಿ. ಗುಂಪಿನವರೆಲ್ಲ ಅಂಗಡಿಗೆ ಬಂದು ಟಿಕೆಟ್ ರದ್ದು ಮಾಡು ಅಂತ ಕೂತರು. ನಾನು ತೊಟ್ಟಿಲು ಗಿಟ್ಟಿಲು ಅಂತ ಶುರು ಮಾಡಿದೆ. ಅದೇ ಹೊತ್ತಿಗೆ ಪಕ್ಕದ ಮೇಜಿನಿಂದ ನನ್ನವಳು ಎಲ್ಲರಿಗೂ ಕೇಳುವ ಹಾಗೆ, ನಿಮ್ಮನ್ನಾದರೂ ಕಳಿಸ್ತಾರೆ, ನನ್ನನ್ನ ಕರ್ಕೊಂಡು ಹೋಗೋ ಗಂಡಸೇ ಅಲ್ಲ ಇವರು ಅಂದುಬಿಟ್ಟಳು. ಎಲ್ಲರೂ ನನ್ನ ಮುಖ ನೋಡಿದರು. ಮಾನ ಹೋಯಿತು. ಇಬ್ಬರೂ ನಿಮ್ಮ ಜೊತೆಗೇ ಬರ್ತೀವಿ ಅಂತ ನನ್ನ ಬಾಯಿಂದ ಬಂದುಹೋಯಿತು.

ನನ್ನವಳು ಕಂಪ್ಯೂಟರಿನಲ್ಲಿ ಒಂದೇ ಟಿಕೆಟ್ಟನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದಳು. ಸಂತೋಷಕ್ಕೆ ಕೈ ಓಡುತ್ತಿಲ್ಲ ಅಂದುಕೊಂಡೆ. ಮನೆಗೆ ಹೋದ ಮೇಲೆ, ನಿಮಗೆ ಬಿಪಿ ಇದೆಯಲ್ಲ, ಬೇಡ ಬಿಡಿ ಅಂದಳು. ಅಂಗಡಿ ಯಾರು ನೋಡ್ತಾರೆ ಅಂದಳು. ನನ್ನ ಭಯ ನೋಡಲಾರದೆ ತನ್ನ ಆಸೆಯನ್ನೇ ಬಿಡುತ್ತಿದ್ದಾಳಲ್ಲ ಅನ್ನಿಸಿತು. ಪ್ರಾಣ ಹೋದರೂ ಸರಿ, ಇವಳಿಗೆ ಮೋಡ ತೋರಿಸಲೇಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಗಟ್ಟಿ ಮಾಡಿಕೊಂಡದ್ದೇನೋ ಸರಿ, ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹೊಲದ ಮೇಲೆ ಹದ್ದು ಹಾರಿದರೂ ತಲೆ ಬಗ್ಗಿಸಿಕೊಳ್ಳುವುದು. ಕೊನೆಗೆ ಯಾರಿಗೂ ಹೇಳದೆ ಊರಮ್ಮನ ಗುಡಿಗೆ ಹೋದೆ. ತಾಯೀ, ಎಡಕ್ಕೆ ಕೊಡು, ಅದನ್ನು ತೋರಿಸಿ ಮರ್ಯಾದೆಯಾಗಿ ತಪ್ಪಿಸಿಕೊಳ್ತೀನಿ ಅಂತ ಬೇಡಿಕೊಂಡೆ. ಎಡಗಡೆ ಒಂದು ಸೇವಂತಿಗೆ ಜಾರುವ ಹಾಗಿತ್ತು. ಅದನ್ನೇ ನೋಡುತ್ತಾ ನಿಂತೆ. ಬಲಗಡೆಯಿಂದ ಗಟ್ಟಿಯಾಗಿ ಸಿಕ್ಕಿಸಿದ್ದ ಹೂವೇ ಪಟಕ್ಕನೆ ಬಿತ್ತು. ಪೂಜಾರಿ ನಗುತ್ತಾ ಅದನ್ನು ನನ್ನ ಕೈಗೆ ಹಾಕಿ, ಅಮ್ಮ ನಿಮ್ಮನೆಯೋರ್ಗೂ ನೆನ್ನೆ ಬಲಕ್ಕೇ ಕೊಟ್ಟಿದ್ದು ಅಂದ. ನೋಡು, ಅವಳು ಪ್ರಯಾಣ ಸುಖವಾಗಲಿ ಅಂತ ಬಂದು ಕೇಳಿದ್ದಾಳೆ, ನಾನು ಪಾಪಿ ಹೀಗೆ ಕೇಳಿದೆ ಅಂತ ನಾಚಿಕೆಯಾಯಿತು.

ವಿಮಾನದಲ್ಲಿ ಅವಳನ್ನು ಕಿಟಕಿಗೆ ಕೂರಿಸಿದೆ. ಅವಳು ಕೂತವಳೇ ಕಿಟಕಿಯ ಮುಚ್ಚಳ ಎಳೆದಳು. ಏರ್‌ಹೋಸ್ಟೆಸ್ ಬಂದು ತೆಗೆಸಿದಳು. ಆಗ ಇವಳು ಮುಖವನ್ನೇ ನನ್ನ ಕಡೆ ತಿರುಗಿಸಿಕೊಂಡಳು. ವಿಮಾನ ಓಡಲು ಶುರುವಾಯಿತು. ನನ್ನ ಕೈಯನ್ನು ಹೇಗೆ ಹಿಡಿದಳೆಂದರೆ ಬಳೆಗಳ ಗುರುತು ಮೂಡಿತು.

"ರೀ, ಒಂದು ಮಾತು ಹೇಳ್ತೀನಿ, ಬೈಬೇಡಿ. ನಂಗೆ ವಿಮಾನ ಅಂದ್ರೆ ಪ್ರಾಣ ಹೋಗುತ್ತೆ. ನೀವು ಯಾವತ್ತೂ ಹೂಂ ಅನ್ನಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟು ವರ್ಷ ಕೇಳ್ತಿದ್ದೆ."

ನನಗೆ ಅರ್ಥವಾಗುವ ಹೊತ್ತಿಗೆ ಚಕ್ರ ನೆಲ ಬಿಟ್ಟಿತ್ತು. ಹಾಗಾದರೆ ಗುಡಿಯಲ್ಲಿ ಏನು ಕೇಳಿದೆ ಅಂದೆ. ಎಡಕ್ಕೆ ಕೊಡು ತಾಯಿ ಅಂತ ಕೇಳಿದೆ ಅಂದಳು. ನಾನೂ ಅದನ್ನೇ ಕೇಳಿದ್ದು ಕಣೇ ಅಂದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರಿಗೂ ನಗು ಹತ್ತಿಕೊಂಡಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು, ಅದರಲ್ಲಿ ಎಷ್ಟು ನಗು, ಎಷ್ಟು ಅಳು ಅಂತ ಅಮ್ಮನಿಗೇ ಗೊತ್ತು. ಹಿಂದಿನ ಸಾಲಿನಲ್ಲಿ ನಮ್ಮ ಗುಂಪಿನ ಒಬ್ಬ ಅಜ್ಜಿ ಪಕ್ಕದವರಿಗೆ, ಗಂಡ ಹೆಂಡ್ತಿ ಹೆಂಗ್ ನಗ್ತಾವ್ರೆ ನೋಡಿ, ದಿನಾ ಹೋಗೋರ್ಗೆ ಭಯ ಎಲ್ಲಿಂದ ಬತ್ತದೆ ಅನ್ನುತ್ತಿದ್ದರು.

ಕಾಶಿಯಲ್ಲಿ ಎಲ್ಲ ಸುಖವಾಗಿ ಆಯಿತು. ಹೊರಡುವ ದಿನ ನನ್ನವಳು ಮೆಲ್ಲಗೆ, ನಾವು ಅಮ್ಮನ್ನ ಹೋಗೋದಕ್ಕೆ ಮಾತ್ರ ಕೇಳಿದ್ದು, ಬರೋದಕ್ಕೆ ಕೇಳೇ ಇಲ್ಲ ಅಂದಳು. ಹೌದಲ್ಲ ಅಂದೆ. ಗುಂಪನ್ನು ಏರ್‌ಪೋರ್ಟಿನ ಒಳಗೆ ಕಳಿಸಿ, ನಮಗೆ ಇಲ್ಲೇ ಒಸಿ ಕೆಲಸ ಇದೆ ಅಂತ ಹೇಳಿ ಕೈ ಬೀಸಿ, ಇಬ್ಬರೂ ಆಟೋ ಹಿಡಿದು ಸ್ಟೇಷನ್ನಿಗೆ ಓಡಿದೆವು.

ಮಾರನೇ ದಿನ ರೈಲು ಇಟಾರ್ಸಿಯಲ್ಲಿ ನಿಂತಿದ್ದಾಗ ಆ ಅಜ್ಜಿಯ ಫೋನ್ ಬಂತು. ಎಲ್ಲರೂ ಊರು ಸೇರಿ ಮುದ್ದೆ ಉಂಡಾಯ್ತಂತೆ, ವಿಮಾನ ಒಂದು ಚೂರೂ ಅಲ್ಲಾಡಲಿಲ್ಲವಂತೆ. ನನ್ನವಳು ಒಂದು ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನ್ ಕಿತ್ತುಕೊಂಡಳು.

"ಅಲ್ಲಾಡೋದು ಹೇಗಜ್ಜಿ, ನಾವಿಬ್ಬರೂ ಅದರಲ್ಲಿ ಇರ್ಲಿಲ್ವಲ್ಲ."