ಬಂಗುಡೆಯ ಒಳ ಅರ್ಥ

ನಡೆದದ್ದು ಇಷ್ಟೇ: ನನ್ನ ಗಂಡನ ಅಣ್ಣ ಮೊದಲು ಒಂದು ಮೀನನ್ನು ದೇವರು ಮಾಡಿದರು, ಆಮೇಲೆ ಆ ದೇವರನ್ನು ಪಾಯಸ ಮಾಡಿದರು. ಉಳಿದದ್ದೆಲ್ಲ ಊರವರು ಸೇರಿಸಿದ್ದು.

ಭಾವನವರಿಗೆ ಒಳ ಅರ್ಥದ ಕಾಯಿಲೆ. ಕೆಲವರಿಗೆ ನಶ್ಯ, ಕೆಲವರಿಗೆ ಕೋಳಿ ಅಂಕ, ಇವರಿಗೆ ಇದು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಊರಿಗೆಲ್ಲ ಹಂಚು ಕಳಿಸುವವರು, ದೇರೆಬೈಲಿನ ಅವರ ಮನೆಯ ಮಾಡು ಮಾತ್ರ ಒಂಬತ್ತು ಕಡೆ ಸೋರುತ್ತಿತ್ತು.

"ಎರಡು ಹಂಚು ತಂದು ಹಾಕಬಾರದಾ ಭಾವ?" ಎಂದೆ.

"ಒಂಬತ್ತು ಅಂದರೆ ಎಂತ ಗೊತ್ತುಂಟಾ ನಿನಗೆ? ನವದ್ವಾರ. ದೇಹವೇ ಮನೆ ಮಾರಾಯ್ತಿ."

ದೇಹ ಮೂಲೆಯಲ್ಲಿ ನೆನೆಯುತ್ತಾ ಕೂತಿತ್ತು. ಅವರ ಹೆಂಡತಿ ಅದರ ತಲೆಯ ಮೇಲೆ ಅಡಿಕೆ ಹಾಳೆ ಹಿಡಿದು ನಿಂತಿದ್ದರು.

ಒಮ್ಮೆ ನನ್ನ ಮೊಟ್ಟೆ ಇಡುವ ಕೋಳಿಯನ್ನು ನರಿ ಹೊತ್ತುಕೊಂಡು ಹೋಯಿತು. "ಜೀವಾತ್ಮ ಗೂಡು ಬಿಟ್ಟಿತು, ಅಳಬಾರದು" ಎಂದು ಸಮಾಧಾನ ಹೇಳಲಿಕ್ಕೆ ಬಂದರು. ಅಳುತ್ತಿದ್ದವರು ಯಾರು? ನಾನು ಕತ್ತಿ ಹುಡುಕುತ್ತಿದ್ದೆ.

ಇಂಥವರ ಕೈಗೆ ನಮ್ಮ ಹಾಡು ಸಿಕ್ಕಿತು. ನಮ್ಮ ಕಡೆಯ ಹೆಂಗಸರು ಭತ್ತ ಕುಟ್ಟುವಾಗ, ಮಗುವಿಗೆ ನೀರು ಹೊಯ್ಯುವಾಗ ಹಾಡುತ್ತಿದ್ದ ಹಾಡು. ತುಳುವಿನದ್ದು, ಕನ್ನಡದಲ್ಲಿ ಹೇಳಿದರೆ ಇಷ್ಟು:

ಬಾಗಿಲು ಹಾಕಲಿಲ್ಲ, ದೀಪ ಆರಿಸಲಿಲ್ಲ,
ಬಂಗುಡೆ ಸಾರು ಮುಚ್ಚಿಟ್ಟಿದ್ದೇನೆ,
ಕಡಲು ದಾಟಿ ಬಾರೋ, ಬೈಯುವುದಿಲ್ಲ ಬಾರೋ.

ಶನಿವಾರ ಸಂಜೆ ಭಜನಾ ಮಂದಿರದಲ್ಲಿ ಭಾವ ಇದಕ್ಕೆ ಅರ್ಥ ಹೇಳಲಿಕ್ಕೆ ಕೂತರು. ಯಾರೋ ದಾಸರು ಮಾಡಿದ ಹಾಡಂತೆ. ಬಾಗಿಲು ಅಂದರೆ ಹೃದಯ, ದೀಪ ಅಂದರೆ ಜ್ಞಾನ, ಕಡಲು ಅಂದರೆ ಸಂಸಾರ. ಬರಬೇಕಾದವನು ಪರಮಾತ್ಮ.

"ಪರಮಾತ್ಮನಿಗೆ ಬಂಗುಡೆ ಯಾಕೆ?" ಎಂದು ಮಂದಿರದ ಮೊಕ್ತೇಸರರು ಕೇಳಿದರು.

"ಮತ್ಸ್ಯಾವತಾರ ಮಾರಾಯ್ರೆ."

"ಅವತಾರವನ್ನು ಸಾರು ಮಾಡುವುದಾ?"

ಎಲ್ಲರೂ ನಕ್ಕರು. ದೇವರಿಗೆ ಬೈಯುವವರು ಯಾರು ಎಂದು ಇನ್ನೊಬ್ಬರು ಕೇಳಿದ್ದಕ್ಕೆ ಭಾವ, "ಅದು ನಿಂದಾಸ್ತುತಿ" ಎಂದರು. ಬಾಯಿ ಮುಚ್ಚಿಸಲಿಕ್ಕೆ ಒಳ್ಳೆಯ ಶಬ್ದ. ಬಂಗುಡೆಗೆ ಮಾತ್ರ ಅಂಥ ಶಬ್ದ ಸಿಗಲಿಲ್ಲ. ಮುಂದಿನ ಶನಿವಾರ ಹೋಗಿ ನೋಡಿದರೆ ಸಾರೇ ಇಲ್ಲ. "ಬೆಲ್ಲದ ಪಾಯಸ ಮುಚ್ಚಿಟ್ಟಿದ್ದೇನೆ" ಎಂದು ಮಕ್ಕಳಿಂದ ಹಾಡಿಸುತ್ತಿದ್ದಾರೆ! ಮಂದಿರದ ಪುಸ್ತಕದಲ್ಲೂ ಹಾಗೇ ಬರೆದಾಗಿದೆ.

ನವದ್ವಾರ ಸಹಿಸಿದ್ದೆ, ಜೀವಾತ್ಮ ಸಹಿಸಿದ್ದೆ. ಪಾಯಸ ಸಹಿಸಲಿಕ್ಕೆ ಆಗಲಿಲ್ಲ. ತೀರಿಹೋದ ಅತ್ತೆಗೆ ಕೊಟ್ಟ ಮಾತೊಂದು ಇತ್ತು, ಅದನ್ನು ಮುರಿದೆ. ಹೆಂಗಸರ ಸಾಲಿನಿಂದ ಎದ್ದು ಹೇಳಿದೆ:

"ಭಾವ, ಆ ಸಾರು ನಿಮಗೆ ಇಟ್ಟದ್ದು."

ಪ್ರಾಯದ ಕಾಲದಲ್ಲಿ ಒಂದು ದಿನ ಅತ್ತೆ ಏನೋ ಬೈದರೆಂದು ಭಾವ ಬಂದರಿನಲ್ಲಿ ಹಡಗು ಹತ್ತಿ ಬೊಂಬಾಯಿಗೆ ಹೋಗಿದ್ದರು. ಮೂರು ವರ್ಷ ಒಂದು ಕಾಗದ ಇಲ್ಲ. ಅದರ ನಡುವೆ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ದಿನಾ ಸಂಜೆ ಗೆರಸೆಯಲ್ಲಿ ಅಕ್ಕಿ ಗೇರುತ್ತಾ ಈ ಹಾಡು ಹಾಡುತ್ತಿದ್ದರು, ಅವರೇ ಕಟ್ಟಿದ್ದು. ನೆರೆಯ ಹೆಂಗಸರು ಕೇಳಿ ಕೇಳಿ ಕಲಿತರು. ಭಾವ ಬಂದ ಮೇಲೆ ಅತ್ತೆ ನನಗೆ ಹೇಳಿದ್ದರು, "ಅವನಿಗೆ ಹೇಳಬೇಡ. ನಾಚಿಕೆಯಾಗಿ ಮತ್ತೆ ಓಡಿಯಾನು."

ಇಷ್ಟನ್ನೂ ಅಲ್ಲಿಯೇ, ಎಲ್ಲರ ಎದುರು ಹೇಳಿದೆ.

ಭಾವ ಒಪ್ಪಲಿಲ್ಲ. "ಸುಳ್ಳು. ಅಮ್ಮ ಈ ಹಾಡು ಹಾಡಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ."

"ಹೇಗೆ ಕೇಳುತ್ತೀರಿ? ನೀವು ಬಂದ ದಿನವೇ ನಿಲ್ಲಿಸಿದರಲ್ಲ."

ಅವರು ಪುಸ್ತಕ ಮುಚ್ಚಿದರು. ಮೊಕ್ತೇಸರರು ಮಂಗಳಾರತಿಗೆ ಗಡಿಬಿಡಿ ಮಾಡಿದರು.

ಮನೆಗೆ ಬರುವಾಗ ಭಾವ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಹಿಂದಿನಿಂದಲೇ ಕೇಳಿದರು, "ಬಾಗಿಲು ನಿಜವಾಗಿಯೂ ಹಾಕುತ್ತಿರಲಿಲ್ಲವಾ?"

"ಇಲ್ಲ. ಊರಿನ ನಾಯಿಗಳೆಲ್ಲ ನಮ್ಮ ಚಾವಡಿಯಲ್ಲೇ ಸಂಸಾರ ಮಾಡಿದವು."

ನಾಯಿಗೆ ಒಳ ಅರ್ಥ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

"ಸಾರು?"

"ಬೆಳಿಗ್ಗೆ ಗಂಜಿಗೆ ನಾನು ಹಾಕಿಕೊಳ್ಳುತ್ತಿದ್ದೆ. ನಿಮ್ಮ ಪಾಲು ತಿಂದು ದಪ್ಪವಾದವಳು ನಾನು."

ಅವರು ನಗುತ್ತಾರೆಂದು ಹೇಳಿದ್ದು. ಅವರು ಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ನಾನು ಅವರ ಮನೆಗೆ ಹೋದೆ. ಅವರು ಚಾವಡಿಯಲ್ಲಿ ಕೂತಿದ್ದರು. ನನಗೆ ಸ್ವರ ಇಲ್ಲ, ಖಾಲಿ ಕೈಯಲ್ಲಿ ಹಾಡಲಿಕ್ಕಂತೂ ಬರುವುದೇ ಇಲ್ಲ. ಒಳಗೆ ಹೋಗಿ ಅವರ ಹೆಂಡತಿಯ ಗೆರಸೆ ತಂದು, ಎರಡು ಸೇರು ಅಕ್ಕಿ ಹಾಕಿಕೊಂಡು, ಅವರ ಎದುರಿಗೇ ಕಾಲು ಚಾಚಿ ಕೂತೆ. ಗೇರುತ್ತಾ ಹಾಡಿದೆ, ಅತ್ತೆ ಹಾಡುತ್ತಿದ್ದಂತೆಯೇ, ಅಕ್ಕಿ ಮುಗಿಯುವವರೆಗೆ.