ಪಪ್ಪನ ಕ್ಯಾಸೆಟ್ಟಿನ ಒಂಟೆಗಳು

ನಮ್ಮ ಪಪ್ಪ ಒಬ್ಬರೇ ಅಮೆರಿಕದ ಮೇಲೆ ಯುದ್ಧ ಸಾರಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ, ಮೊದಲು ನಾನೂ ನಂಬಿರಲಿಲ್ಲ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡದಲ್ಲೊಂದು ಫ್ಲ್ಯಾಟು, ಬನಿಯನ್, ಲುಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ನಾನೇ ಹುಟ್ಟುಹಬ್ಬಕ್ಕೆ ಕೊಟ್ಟ ಟ್ಯಾಬ್ಲೆಟ್ಟು. ಇಷ್ಟೇ ಅವರ ಸೈನ್ಯ! ಯುದ್ಧಕ್ಕೆ ಕಾರಣ ಪೆಟ್ರೋಲು ಅಲ್ಲ, ವೀಸಾ ಅಲ್ಲ. ಒಂದು ಹಳೆಯ ಇಂಗ್ಲಿಷ್ ಹಾಡಿನ ಸಿನಿಮಾ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಸೇರಿಬಿಡುತ್ತೀರಿ. ಕತೆ ಮಾತ್ರ ಹೇಳುತ್ತೇನೆ. ಚಳಿ ದೇಶದ ಬಂದರಿನಲ್ಲಿ ಬೇಕರಿ ನಡೆಸುವ ಒಬ್ಬಳು ವಿಧವೆ, ಮನೆ ತುಂಬ ಮಕ್ಕಳು. ಹಿಟ್ಟು ನಾದುವಾಗ ಹಾಡು, ಬನ್ನು ಉಬ್ಬುವಾಗ ಹಾಡು, ಬನ್ನು ಸೀದು ಕರಕಲಾದರೂ ಹಾಡು! ಮಂಗಳೂರಿನ ನಮ್ಮ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ಇದಕ್ಕೆ ಹೆಚ್ಚುಕಡಿಮೆ ಪೂಜೆಯೇ ಸಲ್ಲುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ವಾರ್ಷಿಕೋತ್ಸವಕ್ಕೆ ಇದನ್ನೇ ಆಡಿಸುತ್ತಿದ್ದರು, ತೆಳ್ಳಗಿನ ಹುಡುಗಿಗೆ ಹೊಟ್ಟೆಗೆ ದಿಂಬು ಕಟ್ಟಿ ಬೇಕರಿಯಮ್ಮನನ್ನಾಗಿ ಮಾಡುತ್ತಿದ್ದರು.

ಅಂಥ ಸಿನಿಮಾವನ್ನು ಅಮೆರಿಕದ ಟಿವಿಯವರು ಹೊಸ ನಟನಟಿಯರನ್ನು ಹಾಕಿ ಲೈವ್ ಆಗಿ ಆಡಿ ತೋರಿಸುತ್ತಾರಂತೆ ಎಂಬ ಸುದ್ದಿ ಬಂತು. ನಾಟಕದ ಹಾಗೆ ಒಂದೇ ಏಟಿಗೆ, ರೀಟೇಕು ಇಲ್ಲ. ಅವರಿಗೆ ಗುರುವಾರ ರಾತ್ರಿ, ನಮಗೆ ಶುಕ್ರವಾರ ಬೆಳಗಿನ ಜಾವ. ಇಲ್ಲಿಯ ಚಾನೆಲ್ಲೂ ಅದೇ ಹೊತ್ತಿಗೆ ತೋರಿಸುವುದಿತ್ತು. ಆಗ ಶುಕ್ರವಾರ ಇಲ್ಲಿ ರಜೆ ಬೇರೆ. ಫೇಸ್‌ಬುಕ್ಕಿನಲ್ಲಿ ಆ ಸಿನಿಮಾದ ಅಭಿಮಾನಿಗಳ ಗುಂಪೊಂದಿದೆ, ಅದು ಕೂಡಲೇ ಎರಡು ಹೋಳಾಯಿತು. ಹಳೆಯದನ್ನು ಮುಟ್ಟಬೇಡಿ ಎಂದು ಒಂದು ಪಕ್ಷ. ಹೊಸ ಮಕ್ಕಳೂ ನೋಡಲಿ, ಲೈವ್ ಆಡುವುದಕ್ಕೆ ಗುಂಡಿಗೆ ಬೇಕು ಎಂದು ಇನ್ನೊಂದು. ಹೊಸ ನಟಿಗೆ ಉಸಿರು ಸಾಲುವುದಿಲ್ಲ ಎಂದು ಒಬ್ಬ, ನಿನಗೆ ಕಿವಿ ಸರಿಯಿಲ್ಲ ಎಂದು ಇನ್ನೊಬ್ಬ. ಈ ಜಗಳದ ಮಧ್ಯಕ್ಕೆ ಅಬುಧಾಬಿಯಿಂದ ನಮ್ಮ ಪಪ್ಪ ಹಾರಿದರು!

ಪಪ್ಪ ಬರೆಯುವುದೆಲ್ಲ ಕ್ಯಾಪಿಟಲ್ ಅಕ್ಷರಗಳಲ್ಲಿ. ಅದು ಕಿರುಚಿದ ಹಾಗೆ ಎಂದು ಯಾರೋ ಹೇಳಿದ್ದಕ್ಕೆ, "ಕಿರುಚ್ತಾನೇ ಇದ್ದೇನೆ" ಎಂದು ಇನ್ನೂ ಕ್ಯಾಪಿಟಲ್ಲಿನಲ್ಲಿ ಬರೆದರು. ನಾನು ದುಬೈಯ ಅಲ್ ನಹ್ದಾದಿಂದ ಫೋನು ಮಾಡಿದರೆ ಎತ್ತುವುದು ಮಮ್ಮಿ.

"ಪಪ್ಪ ಎಲ್ಲಿ ಮಮ್ಮಿ?"

"ಎಲ್ಲಿ ಇರ್ತಾರೆ? ಅಮೆರಿಕದವರಿಗೆ ಬುದ್ಧಿ ಹೇಳ್ತಾ ಇದ್ದಾರೆ. ಮೀನು ಗಸಿ ತಣ್ಣಗಾಯ್ತು, ಅವರು ಬಿಸಿಯಾದ್ರು."

ಹಿಂದಿನಿಂದ ಪಪ್ಪನ ದನಿ, ಕೊಂಕಣಿಯಲ್ಲಿ ಮಗಳನ್ನು ಕರೆಯುವ 'ಬಾಯ್' ಸಮೇತ. "ಲೈವ್ ಅಂದ್ರೆ ಎಂತ ಗೊತ್ತುಂಟಾ ಬಾಯ್? ತಪ್ಪು ಮಾಡ್ಲಿಕ್ಕೆ ಲೈಸೆನ್ಸ್!"

ಮಮ್ಮಿ ನರ್ಸು, ಆಪರೇಷನ್ ಥಿಯೇಟರಿನಲ್ಲಿ ಕೆಲಸ. ಬಿಟ್ಟಾರೆಯೇ? "ನಾವು ದಿನಾ ಲೈವೇ ಮಾಡುದು. ನಮಗೆಂತ ರೀಟೇಕು ಉಂಟಾ?"

"ನಿಮ್ಮ ಪೇಶಂಟು ಹಾಡುದಿಲ್ಲ ಅಲ್ವಾ!"

"ಅನಸ್ತೇಶಿಯಾ ಇಳೀವಾಗ ಹಾಡ್ತಾರೆ. ಕೆಲವರು ನಿಮಗಿಂತ ಚಂದ."

ಆದರೆ ಪಪ್ಪನ ಜಗಳ ನಟಿಯ ಉಸಿರಿನ ಬಗ್ಗೆ ಆಗಿರಲಿಲ್ಲ. ಅದು ಅರ್ಥವಾಗಬೇಕಾದರೆ ನೀವು ನಮ್ಮ ಮನೆಯ ಒಂಟೆಗಳನ್ನು ನೋಡಬೇಕು.

ಎಂಬತ್ತರ ದಶಕದಲ್ಲಿ, ಗಲ್ಫಿಗೆ ಬಂದ ಹೊಸತರಲ್ಲಿ, ಪಪ್ಪ ಒಂದು ವಿಸಿಆರ್ ಕೊಂಡರು. ಇಲ್ಲಿಯ ಟಿವಿಯಲ್ಲಿ ಬಂದ ಆ ಸಿನಿಮಾವನ್ನು ಅದರಲ್ಲಿ ರೆಕಾರ್ಡು ಮಾಡಿದರು. ಆ ಕ್ಯಾಸೆಟ್ಟಿನಲ್ಲಿ ಬೇಕರಿಯಮ್ಮ ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ನಡೆಯುತ್ತಾಳೆ, ಹಿಮ ಬೀಳುತ್ತಿರುತ್ತದೆ, ಪಿಟೀಲು ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಧೂಳೆಬ್ಬಿಸಿಕೊಂಡು ಒಂಟೆಗಳು ಓಡಿ ಬರುತ್ತವೆ! ಹೌದು, ಒಂಟೆ ಓಟ. ಅರಬ್ಬಿಯಲ್ಲಿ ಕಾಮೆಂಟರಿ ಹೇಳುವವನು ಗಂಟಲು ಹರಿದುಕೊಳ್ಳುತ್ತಾನೆ. ಒಂದು ಹಾಡು ಮುಗಿಯುವಷ್ಟು ಹೊತ್ತು ಒಂಟೆ, ಒಂಟೆ, ಒಂಟೆ. ಆಮೇಲೆ ಮತ್ತೆ ಹಿಮ, ಬೇಕರಿಯಮ್ಮ ದೂರದ ಪಟ್ಟಣದಲ್ಲಿ ಒಬ್ಬಳೇ ಕೆಲಸ ಮಾಡುತ್ತಿರುತ್ತಾಳೆ. ಕೊನೆಗೆ ಪೆಟ್ಟಿಗೆ ಹಿಡಿದು ಹಡಗಿನಿಂದ ಇಳಿಯುತ್ತಾಳೆ, ಮಕ್ಕಳೆಲ್ಲ ಓಡಿ ಬಂದು ಅಪ್ಪಿಕೊಳ್ಳುತ್ತಾರೆ, ಸುಖಾಂತ.

"ಬಟನ್ ತಪ್ಪಿ ಒತ್ತಿದೆ" ಎನ್ನುತ್ತಿದ್ದರು ಪಪ್ಪ. ನಮಗೆ ಒಂಟೆ ಬಂತೆಂದರೆ ಇಂಟರ್ವಲ್. ಮಮ್ಮಿ ಎದ್ದು ಚಾಕ್ಕೆ ನೀರಿಡುತ್ತಿದ್ದರು. "ಖಲಾಸ್, ಒಂಟೆ ಹೋಯ್ತು, ಬನ್ನಿ!" ಎಂದು ಪಪ್ಪ ಕೂಗಿದ ಮೇಲೆಯೇ ವಾಪಸು ಬಂದು ಕೂರುತ್ತಿದ್ದರು.

ನಾನು ಊರಿನಿಂದ ಇಲ್ಲಿಗೆ ಬಂದದ್ದು ಐದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಮಂಗಳೂರಿನಲ್ಲಿ ಅಜ್ಜಿಯ ಜೊತೆ ಇದ್ದೆ. ಪಪ್ಪ, ಮಮ್ಮಿ ಇಬ್ಬರೂ ದುಡಿಯುತ್ತಿದ್ದರು. ಅವರಿದ್ದದ್ದು ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆಯಲ್ಲಿ, ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಕತೆ ಇದೇ. ನಾನು ಬಂದ ಮೊದಲ ವಾರ ಪಪ್ಪ ಈ ಕ್ಯಾಸೆಟ್ಟು ಹಾಕಿದರು. ನೋಡಿ ಮುಗಿಸಿದ ನನಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಯಿತು. ತಾಯಿ ಮಗುವನ್ನು ಎತ್ತಿಕೊಂಡು ಹೋದಳು, ಒಂಟೆ ಬಂದವು, ಆಮೇಲೆ ದೂರದಲ್ಲೆಲ್ಲೋ ದುಡಿದಳು, ಪೆಟ್ಟಿಗೆ ತುಂಬ ಸಾಮಾನು ತಂದಳು. ಇದು ಯಾರಿಗೆ ಗೊತ್ತಾಗುವುದಿಲ್ಲ?

"ಆ ಆಂಟಿ ಗಲ್ಫಿಗೆ ಹೋಗಿದ್ದು!" ಎಂದು ಚಪ್ಪಾಳೆ ತಟ್ಟಿ ಕೂಗಿದೆ.

ಮಮ್ಮಿ ಒಳಗೆ ಹೋದರು. ಪಪ್ಪ ನನ್ನ ತಲೆ ಸವರಿ, "ಹೌದು ಬಾಯ್, ಗಲ್ಫಿಗೇ" ಎಂದರು. ನಾನು ಎಷ್ಟೋ ವರ್ಷ ಆ ಚಳಿ ದೇಶದವರೂ ನಮ್ಮ ಹಾಗೆ ಅಬುಧಾಬಿಗೆ ಬರುತ್ತಾರೆಂದೇ ತಿಳಿದಿದ್ದೆ. ಶಾಲೆಯಲ್ಲಿ ಟೀಚರಿಗೂ ಹೇಳಿದ್ದೆ, ಅವರು ನನ್ನನ್ನೇ ಒಂದು ನಮೂನೆ ನೋಡಿದರು.

ಈಗ ಜಗಳಕ್ಕೆ ಬರೋಣ. ಗುಂಪಿನವರೆಲ್ಲ ಯಾವ ಪಕ್ಷದವರಾದರೂ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು. ಸಿನಿಮಾದ ಜೀವ ಇರುವುದು ಬಂದರಿನ ಸೀನಿನಲ್ಲಿ, ಹೊಸ ನಟಿ ಅದನ್ನು ಹೇಗೆ ಮಾಡುತ್ತಾಳೋ ನೋಡಬೇಕು ಎಂದು. ಕೆಲಸಕ್ಕಾಗಿ ಊರು ಬಿಡುವ ತಾಯಿ ಕೊನೆಯ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಹಡಗು ಹತ್ತುತ್ತಾಳೆ, ಮಗು ಕೈ ಚಾಚಿ ಅಳುತ್ತದೆ, ತಾಯಿ ಹಡಗಿನಿಂದ ಹಾಡುತ್ತಾಳೆ. ಪ್ರಪಂಚವೇ ಅತ್ತ ಸೀನಂತೆ. ಪಪ್ಪ ಬರೆದರು, "ಅಂಥ ಸೀನು ಮೂಲದಲ್ಲಿ ಇಲ್ಲವೇ ಇಲ್ಲ. ಆಮೇಲೆ ಸೇರಿಸಿದ್ದು. ನನ್ನಲ್ಲಿ ಒರಿಜಿನಲ್ ಕ್ಯಾಸೆಟ್ ಇದೆ."

ಅಯ್ಯೋ ದೇವರೇ! ಅಮೆರಿಕಕ್ಕೆ ಬೆಂಕಿ ಬಿತ್ತು.

ಎಂಟು ವರ್ಷದ ನನ್ನ ಮಗಳು ಇಂಟರ್ನೆಟ್ಟಿನಲ್ಲಿ ಆ ಸೀನು ನೋಡಿ ಅಜ್ಜನಿಗೆ ಫೋನಿನಲ್ಲೇ ಪಾಠ ಹೇಳಿದಳು. "ಗ್ರ್ಯಾಂಡ್‌ಪಾ, ಇಟ್ಸ್ ದೇರ್! ದ ಕ್ಯಾಮೆಲ್ಸ್ ಆರ್ ನಾಟ್ ದೇರ್!"

"ನಿನ್ನ ಫೋನಿನಲ್ಲಿ ಇರುದೆಲ್ಲ ಡೂಪ್ಲಿಕೇಟು ಪುತಾ."

ನಾನಾದರೂ ಆ ಸೀನನ್ನು ಬೇರೆಲ್ಲಾದರೂ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಲಿಲ್ಲ. ಒಂಟೆಯಿಲ್ಲದ ಪ್ರತಿ ನೋಡಿದರೆ ಪಪ್ಪನಿಗೆ ದ್ರೋಹ ಮಾಡಿದ ಹಾಗೆ ಅನಿಸುತ್ತಿತ್ತು. ಹುಚ್ಚು ಅಪ್ಪನಿಂದ ಮಗಳಿಗೂ ಸ್ವಲ್ಪ ಬರಬೇಡವೇ?

ಸಾಕ್ಷಿ ತೋರಿಸಿ ಎಂದರು ಗುಂಪಿನವರು. ಪಪ್ಪ ಕ್ಯಾಸೆಟ್ಟಿನ ಫೋಟೋ ಹಾಕಿದರು. ಯಾರೋ ಒಬ್ಬ ವಯಸ್ಸಾದ ಮನುಷ್ಯ, ಹಳೆಯ ಟಿವಿ ರಿಪೇರಿಯವನಿರಬೇಕು, ಅದನ್ನು ದೊಡ್ಡದು ಮಾಡಿ ನೋಡಿ ಬಹಳ ಮರ್ಯಾದೆಯಿಂದ ಬರೆದ. "ಮೂಲೆಯ ಪ್ಲಾಸ್ಟಿಕ್ ತುಂಡು ಮುರಿದರೆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನೀವು ಮುರಿದಿದ್ದೀರಿ, ಒಳ್ಳೆಯದು. ಆದರೆ ಆ ತೂತಿಗೆ ಯಾರೋ ಸೆಲ್ಲೋಟೇಪು ಅಂಟಿಸಿದ್ದಾರೆ. ಹಾಗೆ ಮಾಡುವುದು ಬೇಕೆಂದೇ ಇನ್ನೊಮ್ಮೆ ರೆಕಾರ್ಡ್ ಮಾಡುವವರು."

ಅದಾದ ಮೇಲೆ ಗುಂಪಿನಲ್ಲಿ ಪಪ್ಪನ ಕ್ಯಾಪಿಟಲ್ ಅಕ್ಷರಗಳು ನಿಂತೇಹೋದವು.

ನನಗೆ ಅಲ್ಲಿಂದ ತಲೆಯೊಳಗೆ ಹುಳ ಹೊಕ್ಕಿತು. ಪಪ್ಪ ಹೋಟೆಲೊಂದರ ಸ್ಟೋರ್ ಕೀಪರು. ಯಾವ ಡಬ್ಬಿ ಯಾವ ತಿಂಗಳಲ್ಲಿ ಹಾಳಾಗುತ್ತದೆಂದು ನಿದ್ದೆಯಲ್ಲೂ ಹೇಳುವ ಮನುಷ್ಯ. ಮನೆಯಲ್ಲಿ ಉಪ್ಪಿನ ಡಬ್ಬಿಗೆ 'ಉಪ್ಪು' ಎಂದು ಚೀಟಿ ಅಂಟಿಸಿ, ಮುಚ್ಚಳಕ್ಕೆ 'ಉಪ್ಪಿನ ಮುಚ್ಚಳ' ಎಂದು ಬೇರೆ ಅಂಟಿಸುವವರು. ಇಂಥವರು ಬಟನ್ ತಪ್ಪಿ ಒತ್ತುವುದುಂಟೇ?

ಆ ಶುಕ್ರವಾರಕ್ಕೆಂದು ಗುರುವಾರ ಸಂಜೆಯೇ ಮಗಳನ್ನು ಕರೆದುಕೊಂಡು ಅಬುಧಾಬಿಗೆ ಹೋದೆ. ಪಪ್ಪ ಬಾಗಿಲಲ್ಲೇ ಹೇಳಿದರು. "ಡಿಶ್ಶು ಹಾಳಾಗಿದೆ. ಚಾನೆಲ್ ಮಾಫಿ, ಇಲ್ಲವೇ ಇಲ್ಲ."

"ನಿನ್ನೆ ಕ್ರಿಕೆಟ್ ಬರ್ತಿತ್ತಲ್ಲ?" ಮಮ್ಮಿ ಒಳಗಿನಿಂದ.

"ಕ್ರಿಕೆಟ್ಟಿನ ಡಿಶ್ಶು ಬೇರೆ."

ಬೆಳಗಿನ ಜಾವ ನಾವೆಲ್ಲ ಎದ್ದು ನೋಡಿದರೆ ರಿಮೋಟೂ ಇಲ್ಲ, ಪಪ್ಪನೂ ಇಲ್ಲ! ರಿಮೋಟನ್ನು ಜೇಬಿಗೆ ಹಾಕಿಕೊಂಡು ಖುಬ್ಬೂಸ್ ರೊಟ್ಟಿ ತರಲು ಬೇಕರಿಗೆ ಹೋಗಿದ್ದರು. ಮಗಳು ಕಣ್ಣುಜ್ಜಿಕೊಂಡು ಬಂದು ಟಿವಿಯ ಬದಿಯ ಗುಂಡಿ ಒತ್ತಿದಳು, ಚಾನೆಲ್ಲು ಬಂದೇಬಿಟ್ಟಿತು. ಪಪ್ಪ ವಾಪಸು ಬಂದಾಗ ಬನ್ನು ಉಬ್ಬುವ ಹಾಡು ಅರ್ಧವಾಗಿತ್ತು. ಖುಬ್ಬೂಸನ್ನು ಮೇಜಿನ ಮೇಲಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತರು.

ಹಿಮ ಬಿತ್ತು. ಪಿಟೀಲು ಶುರುವಾಯಿತು. ಒಂಟೆ ಬರಬೇಕಾದ ಜಾಗ.

ಪಪ್ಪ ಎದ್ದವರೇ ಟಿವಿಯ ಮುಂದೆ ನಿಂತುಬಿಟ್ಟರು. "ವಯರು ಸಡಿಲ ಆಗಿದೆ" ಎಂದು ಬಗ್ಗಿ ಹಿಂದೆ ಕೈ ಹಾಕಿದರು. ಪಪ್ಪನ ದೇಹವೇನು ಸಣ್ಣದೇ? ಬಂದರು, ಹಡಗು, ಸಮುದ್ರ ಎಲ್ಲ ಮುಚ್ಚಿಹೋಯಿತು.

"ಗ್ರ್ಯಾಂಡ್‌ಪಾ, ಮೂವ್!"

"ಒಂದು ನಿಮಿಷ ಪುತಾ. ಚಾ ಆಯ್ತಾ ನೋಡಿ" ಎಂದರು ಮಮ್ಮಿಯ ಕಡೆ ತಿರುಗದೆಯೇ.

ಮಮ್ಮಿ ಏಳಲಿಲ್ಲ. "ಬದಿಗೆ ಬನ್ನಿ" ಎಂದರು. "ನನಗೆ ಕಾಣಬೇಕು."

"ಬೇಡ."

"ಅವತ್ತು ಈ ಸೀನು ನೋಡಿ ನಾನು ಅತ್ತದ್ದಕ್ಕೆ ನೀವು ಮಾರನೆ ದಿನ ಅದರ ಮೇಲೆ ಒಂಟೆ ಓಡಿಸಿದ್ದು. ನನಗೆ ಗೊತ್ತಿಲ್ಲದ್ದಾ? ಟೇಪು ಕತ್ತರಿಸಿದ ಕತ್ತರಿ ಡ್ರಾವರಿಗೆ ವಾಪಸು ಇಟ್ಟದ್ದೇ ನಾನು. ಸಾಕು. ಬದಿಗೆ ಬನ್ನಿ."

ಪಪ್ಪ ಬದಿಗೆ ಬಂದರು. ನನಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಆ ಸಿನಿಮಾ ಟಿವಿಯಲ್ಲಿ ಬಂದಾಗ ಅವರಿಬ್ಬರು ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು ಕೆಲವೇ ತಿಂಗಳಾಗಿದ್ದವು. ನನಗೆ ಆಗ ವರ್ಷ ತುಂಬಿರಲಿಲ್ಲ. ಮಮ್ಮಿಗೆ ಹಾಡುಗಳೆಂದರೆ ಪ್ರಾಣ, ಕ್ಯಾಸೆಟ್ಟು ಬೇಕೇಬೇಕು. ಆ ಸೀನು ಮಾತ್ರ ಬೇಡ. ಪಪ್ಪ ಆ ಸೀನಿಗೆ ಅಡ್ಡವಾಗಿ ಒಂಟೆಗಳನ್ನು ತಂದು ನಿಲ್ಲಿಸಿದರು. ಐದು ವರ್ಷದವಳಾಗಿ ಬಂದು ಮಮ್ಮಿಯನ್ನೂ "ಆಂಟಿ" ಎಂದೇ ಕರೆಯುತ್ತಿದ್ದ ನಾನು ಆ ಸೀನು ನೋಡಿ ಏನು ಕೇಳಿಬಿಡುತ್ತೇನೋ ಎಂಬ ಹೆದರಿಕೆ ಆಮೇಲೆ ಸೇರಿಕೊಂಡಿತು. ಈಗ ಅಮೆರಿಕದವರು ಒಂಟೆಗಳನ್ನು ಆಚೆ ಅಟ್ಟಲು ಹೊರಟರೆ ಸುಮ್ಮನಿರುತ್ತಾರೆಯೇ ಪಪ್ಪ?

ಟಿವಿಯಲ್ಲಿ ಹೊಸ ನಟಿ ಹಡಗಿನ ಮೆಟ್ಟಿಲು ಹತ್ತಿದಳು. ಅಜ್ಜಿಯಾದವಳ ಸೊಂಟದ ಮೇಲೆ ಒಂದು ಪುಟ್ಟ ಮಗು. ಅದು ಅಳಬೇಕು, ಕೈ ಚಾಚಬೇಕು. ಆದರೆ ಲೈವಲ್ಲವೇ! ಮಗುವಿಗೆ ದೀಪ ಕಂಡಿತೋ, ಬ್ಯಾಂಡು ಕಂಡಿತೋ. ಬಾಯಿ ತುಂಬ ನಕ್ಕು ಟಾಟಾ ಮಾಡತೊಡಗಿತು. ತಾಯಿ ಅಳುತ್ತಾ ಹಾಡುತ್ತಿದ್ದಾಳೆ, ಮಗು ಖುಷಿಯಾಗಿ ಟಾಟಾ, ಟಾಟಾ! ನನ್ನ ಮಗಳು ಬಿದ್ದು ಬಿದ್ದು ನಕ್ಕಳು.

ಮಮ್ಮಿಯೂ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದರು. "ನೀನು ಸಹ ಹೀಗೇ. ಅಳಲೇ ಇಲ್ಲ. ನಾವು ಕಾರು ಹತ್ತಿದ್ದೇವೆ, ನೀನು ಅಜ್ಜಿಯ ಸೊಂಟದಲ್ಲಿ ಕೂತು ನಗಾಡಿಕೊಂಡು ಟಾಟಾ ಮಾಡ್ತಾ ಇದ್ದೀ. ಅತ್ತಿದ್ರೆ ಇಳಿದು ಬರ್ತಿದ್ದೆ ಬಾಯ್. ಖಂಡಿತ ಇಳಿದು ಬರ್ತಿದ್ದೆ." ನನ್ನ ಕೈ ಹಿಡಿದುಕೊಂಡರು.

ನನಗೆ ಹೇಳುವುದು ತುಂಬ ಇತ್ತು. ಪೆಟ್ಟಿಗೆ ಹಿಡಿದು ಹಡಗಿನಿಂದ ಇಳಿಯುವ ಕೊನೆಯ ಸೀನು ಬಂದಾಗ "ಮಮ್ಮಿ" ಎಂದಷ್ಟೇ ಹೇಳಿದೆ. ಅವರಿಗೆ ಅದು ಸಾಕಾಯಿತು ಅನಿಸುತ್ತದೆ.

ಆಟ ಮುಗಿಯುವ ಮೊದಲೇ ಗುಂಪಿನಲ್ಲಿ ಹೊಸ ಜಗಳ ಎದ್ದಿತ್ತು. ಮಗು ಸೀನು ಕೆಡಿಸಿತು ಎಂದು ಎರಡೂ ಪಕ್ಷದವರು ಒಟ್ಟಾಗಿ ಬೈಯುತ್ತಿದ್ದರು. ಪಪ್ಪ ಟ್ಯಾಬ್ಲೆಟ್ಟು ಎತ್ತಿಕೊಂಡರು, ಕನ್ನಡಕ ಒರೆಸಿದರು, ಒಂದೊಂದೇ ಅಕ್ಷರ ಒತ್ತಿದರು, ಎಲ್ಲ ಕ್ಯಾಪಿಟಲ್. "ಮಗು ಮಾಡಿದ್ದೇ ಸರಿ. ನಾನು ಅಲ್ಲಿದ್ದೆ."

ಅವರು ಅಮೆರಿಕದ ಸ್ಟುಡಿಯೋದಲ್ಲೇ ಕೂತು ನೋಡಿದರೆಂದು ತಿಳಿದು ಗುಂಪಿನವರೆಲ್ಲ ಮುಗಿಬಿದ್ದರು. ನಟಿ ಹೇಗಿದ್ದಳು, ಹಿಮ ನಿಜವಾದದ್ದೇ, ಟಿಕೆಟ್ಟು ಹೇಗೆ ಸಿಕ್ಕಿತು? ಉತ್ತರ ಕೊಡಲು ಪಪ್ಪ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಮಮ್ಮಿಗೆ ಚಾ ಮಾಡುತ್ತಿದ್ದರು. ಮಮ್ಮಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.