ಹಮಾಲನ ಹೆಗಲು

ನನಗೊಂದು ಕೆಟ್ಟ ಚಟವಿದೆ. ಮಾಡಿದ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಿ ‘ಹೇಗಿದೆ?’ ಎಂದು ಕೇಳುತ್ತೇನೆ. ಬಾಯಿ ಹಾಗೆ ಕೇಳಿದರೂ ಮನಸ್ಸು ಬೇಡುವುದು ‘ಚೆನ್ನಾಗಿದೆ ಅನ್ನಿ’ ಎಂದೇ. ಈ ಸೂಕ್ಷ್ಮ ಯಾರಿಗೂ ತಿಳಿಯುವುದಿಲ್ಲ. ಕೇಳಿದ್ದೇ ತಡ, ಜನ ನಿಜ ಹೇಳಿಬಿಡುತ್ತಾರೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ನನ್ನ ಕಸುಬು ಕಂಪ್ಯೂಟರಿನಲ್ಲಿ ಮನುಷ್ಯರನ್ನು ಕೆತ್ತುವುದು. ಕಲ್ಲಿಲ್ಲ, ಮಣ್ಣಿಲ್ಲ, ಪರದೆಯ ಮೇಲೆ ಒತ್ತಿ, ಎಳೆದು, ತೀಡಿ ಮೂಗು ಬಾಯಿ ಮೂಡಿಸುವುದು. ಗೇಮ್ ತಯಾರಿಸುವ ಕಂಪನಿಯೊಂದು ಮಾದರಿಗೆಂದು ಒಬ್ಬ ವಯಸ್ಸಾದ ಹಮಾಲನನ್ನು ಕೆತ್ತಿ ಕಳಿಸಲು ಹೇಳಿತ್ತು. ಅವನು ಪಾಸಾದರೆ ಗೇಮಿನಲ್ಲಿ ಬರುವ ಇಡೀ ಸಂತೆಯ ಜನರನ್ನು ಕೆತ್ತುವ ಕೆಲಸ ನನ್ನದು. ಇಲ್ಲವಾದರೆ ನಮ್ಮೂರು ಮಾನ್ವಿಯಲ್ಲೇ ಮದುವೆ ಫ್ಲೆಕ್ಸಿನ ಮೇಲೆ ವರನ ಮುಖ ಬೆಳ್ಳಗೆ ಮಾಡುವ ಹಳೆಯ ಕೆಲಸವೇ ಗತಿ. ಹದಿನೈದು ದಿನ ಬೆನ್ನು ಬಾಗಿಸಿ ಕೆತ್ತಿ, ಇದೇ ಕಸುಬಿನವರ ಅಂತರ್ಜಾಲದ ಬಳಗದಲ್ಲಿ ತೋರಿಸಿದೆ. ಒಬ್ಬ ಕಿವಿ ಮೇಲೇರಿಸು ಎಂದ, ಇನ್ನೊಬ್ಬ ಕೆಳಗಿಳಿಸು ಎಂದ. ಮೂರನೆಯವನು ಬರೀ ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಸಿಟ್ಟಿನಿಂದ ಅವ್ವನಿಗೆ ತೋರಿಸಿದೆ. ನಮ್ಮ ಕಡೆ ಮುಖ ಕಂಡರೆ ಮೊದಲು ಯಾರ ಪೈಕಿ ಎಂದು ಗುರುತು ಹಚ್ಚಬೇಕು, ಉಳಿದದ್ದೆಲ್ಲ ಆಮೇಲೆ.

“ಇಂವ ದೇವದುರ್ಗದ ನಮ್ಮ ಚನ್ನಪ್ಪ ಮಾವ ಅಲ್ಲೇನೋ? ತಲಿ ಯಾಕ ಬೋಳಿಸ್ಯಾನ? ಮನ್ಯಾಗ ಯಾರರ ಹೋದರೇನು?”

“ಯಾರೂ ಹೋಗಿಲ್ಲಬೇ ಯವ್ವಾ. ಕೂದಲು, ಬಟ್ಟಿ ಎಲ್ಲಾ ಕಡೀಗೆ ಹಾಕೂದು.”

“ಮೊದಲ ಒಂದು ಅಂಗಿ ಹಾಕೋ ಯಪ್ಪಾ. ಥಂಡಿ ಹತ್ತತದ.”

ಅಷ್ಟರಲ್ಲಿ ಅಕ್ಕಿ ಮಿಲ್ಲಿನ ಹಮಾಲ ಯಲ್ಲಪ್ಪ ಚೀಲ ಹೊತ್ತು ಒಳಗೆ ಬಂದ. ಚೀಲ ಇಳಿಸಿ, ಬೆವರು ಒರೆಸಿಕೊಂಡು ಪರದೆಯತ್ತ ಬಗ್ಗಿದ.

“ಯಾರ್ರಿ ಸರ ಇಂವ?”

“ನಿಮ್ಮಂಗs ಹಮಾಲ, ಯಲ್ಲಪ್ಪಾ.”

“ಸುಳ್ಳ್ರೀ! ಇಂವ ಒಂದು ದಿನಾನೂ ಚೀಲ ಹೊತ್ತಿಲ್ಲ. ಎರಡೂ ಹೆಗಲು ತಕ್ಕಡಿ ತೂಗಿದಂಗ ಅದಾವ ನೋಡ್ರಿ.”

ನನ್ನ ಗುಟ್ಟು ಹೊರಬಿತ್ತು. ಒಂದು ಕಡೆ ಕೆತ್ತಿದರೆ ಇನ್ನೊಂದು ಕಡೆ ತಾನಾಗಿಯೇ ಹಾಗೇ ಮೂಡುವ ಅನುಕೂಲ ನಮ್ಮ ಕಂಪ್ಯೂಟರಿನಲ್ಲಿದೆ. ಅರ್ಧ ಮನುಷ್ಯನನ್ನು ಮಾಡಿದರೆ ಪೂರ್ತಿ ಮನುಷ್ಯ ಸಿಗುತ್ತಾನೆ. ಯಲ್ಲಪ್ಪ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಚೀಲ ಹೊರುವ ಬಲಹೆಗಲು ಜಡ್ಡುಗಟ್ಟಿ ಕೆಳಗಿಳಿದಿತ್ತು. ಕತ್ತು ಎಡಕ್ಕೆ ವಾಲಿತ್ತು.

“ಇದು ಯಾರ ಹೆಗಲು ನೋಡಿ ಮಾಡೀರಿ?”

ಕನ್ನಡಿಯ ಮುಂದೆ ಬರಿಮೈಯಲ್ಲಿ ನಿಂತು ನನ್ನದನ್ನೇ ನೋಡಿ ಮಾಡಿದ್ದೆ. ಹೇಳಿದೆ.

“ಅದಕ್ಕs ಮತ್ತ! ಏನೂ ಹೊರಲಾರದ ಹೆಗಲು.”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಅವಮಾನವಾಯಿತು, ಆದರೆ ಮಾತು ಅಪ್ಪಟ ಸತ್ಯ. ಎರಡು ದಿನ ಕೂತು ಬಲಹೆಗಲು ಇಳಿಸಿದೆ, ಜಡ್ಡು ಮೂಡಿಸಿದೆ, ಕತ್ತು ವಾಲಿಸಿದೆ. ಹಮಾಲ ಉಸಿರಾಡುವಂತೆ ಕಂಡ. ಹೆಮ್ಮೆಯಿಂದ ಕಳಿಸಿದೆ.

ಕಂಪನಿಯ ಉತ್ತರ ಬಂತು: ‘ಮುಖ ಚೆನ್ನಾಗಿದೆ. ಭುಜಗಳು ಸಮವಾಗಿಲ್ಲ. ದೇಹರಚನೆಯ ತಪ್ಪು. ಸರಿಪಡಿಸಿ.’

ಮೈ ಉರಿದುಹೋಯಿತು. ಜಡ್ಡು, ಚೀಲ, ಯಲ್ಲಪ್ಪನ ಇಪ್ಪತ್ತು ವರ್ಷದ ದುಡಿಮೆ ಎಲ್ಲವನ್ನೂ ಸೇರಿಸಿ ಖಾರವಾಗಿ ಒಂದು ಪತ್ರ ಬರೆದೆ. ಓದಿದೆ. ಮದುವೆ ಫ್ಲೆಕ್ಸುಗಳು ಕಣ್ಣ ಮುಂದೆ ಬಂದವು. ಪತ್ರ ಅಳಿಸಿ, ಎಡಹೆಗಲನ್ನೇ ಬಲಕ್ಕೂ ಮೂಡಿಸಿ ಕಳಿಸಿದೆ. ಸಂಜೆಯೊಳಗೆ ‘ಈಗ ಸಹಜವಾಗಿದೆ’ ಎಂದು ಒಪ್ಪಿಗೆ ಬಂತು.

ಮರುದಿನ ಬಸ್‌ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಲ್ಲಪ್ಪ ಸಿಕ್ಕ.

“ಏನಾತ್ರೀ ನಮ್ಮ ಹಮಾಲಂದು?”

“ಪಾಸಾದ, ಯಲ್ಲಪ್ಪಾ.”

“ಆಗದ ಇರ್ತಾನೇನ್ರೀ! ಹೆಗಲು ನೋಡಿದ ಕೂಡ್ಲೆ ಖರೇ ಹಮಾಲ ಅಂತ ಗುರುತು ಹಿಡದಿರಬೇಕು.”

ಹಿಗ್ಗಿ, ತಾನೇ ಎರಡು ಚಹಾ ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಚಹಾನೂ ಕುಡಿದೆ.